ಟಿಗ್ ವೆಲ್ಡಿಂಗ್‌ಗೆ ಯಾವ ಟಂಗ್‌ಸ್ಟನ್? ಬಣ್ಣ ನೋಡುವ ಮೊದಲು ನೋಡಬೇಕಾದ್ದು

ಅಂಗಡಿಗೆ ಹೋಗಿ "ಟಂಗ್‌ಸ್ಟನ್ ರಾಡ್ ಕೊಡಿ" ಅಂದರೆ ಬಹಳ ಕಡೆ ಕೈಗೆ ಬರುವುದು ಕೆಂಪು ತುದಿಯ 2.4 ಎಂ.ಎಂ. ಡಬ್ಬಿ. ಕೇಳುವವರೂ ಅದನ್ನೇ ಕೇಳುತ್ತಾರೆ, ಕೊಡುವವರೂ ಅದನ್ನೇ ಕೊಡುತ್ತಾರೆ. ಆ ರಾಡ್ ಕೆಟ್ಟದ್ದೇನಲ್ಲ. ಆದರೆ 1.2 ಎಂ.ಎಂ. ಎಸ್‌ಎಸ್ (ಸ್ಟೇನ್‌ಲೆಸ್ ಸ್ಟೀಲ್) ಶೀಟಿಗೂ ಅದೇ, ಅಲ್ಯೂಮಿನಿಯಂ ಕೇಸಿಂಗಿಗೂ ಅದೇ ಅಂತ ಹಾಕಿದಾಗ ಆರ್ಕ್ (ಲೋಹ ಕರಗಿಸುವ ವಿದ್ಯುತ್ ಕಿಡಿ) ಅಲೆದಾಡುತ್ತದೆ, ತುದಿ ಉಂಡೆಯಾಗುತ್ತದೆ, ಬೈಗುಳ ಮಾತ್ರ ಮಷಿನ್‌ಗೆ ಬೀಳುತ್ತದೆ.

ಟಿಗ್, ಅಂದರೆ ನಮ್ಮ ಶೆಡ್ಡುಗಳ ಆರ್ಗಾನ್ ವೆಲ್ಡಿಂಗ್‌ನಲ್ಲಿ ಆರ್ಕ್ ಹಾರುವುದು ಟಾರ್ಚಿನಲ್ಲಿ (ಕೈಯಲ್ಲಿ ಹಿಡಿಯುವ ಭಾಗ) ಕೂತ ಟಂಗ್‌ಸ್ಟನ್ ರಾಡಿನ ತುದಿಯಿಂದ. ಆ ರಾಡ್ ಆರಿಸುವುದಕ್ಕೆ ಒಂದು ಕ್ರಮ ಇದೆ. ಮೊದಲು ಲೋಹ, ಆಮೇಲೆ ಕರೆಂಟು, ಆಮೇಲೆ ರಾಡಿನ ದಪ್ಪ. ಬಣ್ಣದ ಸರದಿ ಬರುವುದು ಇವೆಲ್ಲ ಆದ ಮೇಲೆ. ಬಣ್ಣದ ಬಗ್ಗೆ ನಡೆಯುವ ವಾದದ ಅರ್ಧದಷ್ಟು ಗಮನ ಗ್ರೈಂಡಿಂಗ್ ಕಡೆ ಕೊಟ್ಟರೆ ಎಷ್ಟೋ ತೊಂದರೆ ತಾನಾಗಿ ಹೋಗುತ್ತದೆ. ಹಾಗಾಗಿ ಇಲ್ಲೂ ಗ್ರೈಂಡಿಂಗ್‌ಗೇ ಜಾಸ್ತಿ ಜಾಗ.

ಹಂತ 1: ಜಾಬ್ (ವೆಲ್ಡ್ ಮಾಡುವ ವಸ್ತು) ಯಾವ ಲೋಹದ್ದು?

ಎಸ್‌ಎಸ್, ಎಂಎಸ್ (ಮೈಲ್ಡ್ ಸ್ಟೀಲ್, ಸಾದಾ ಉಕ್ಕು), ತಾಮ್ರ, ಟೈಟಾನಿಯಂ ಇದ್ದರೆ ಡಿಸಿ. ಟಾರ್ಚ್ ನೆಗೆಟಿವ್‌ಗೆ, ಅರ್ಥ್ ಕ್ಲ್ಯಾಂಪ್ ಪಾಸಿಟಿವ್‌ಗೆ. ಹೀಗೆ ಜೋಡಿಸಿದಾಗ ಶಾಖದ ದೊಡ್ಡ ಪಾಲು, ಸುಮಾರು ಮುಕ್ಕಾಲು ಭಾಗ, ಜಾಬ್ ಮೇಲೆ ಬೀಳುತ್ತದೆ. ಟಂಗ್‌ಸ್ಟನ್‌ಗೆ ಬೀಳುವುದು ಸ್ವಲ್ಪ. ಅದಕ್ಕೇ ತುದಿ ಚೂಪಾಗಿಯೇ ಉಳಿಯುತ್ತದೆ.

ಅಲ್ಯೂಮಿನಿಯಂ, ಮೆಗ್ನೀಸಿಯಂ ಇದ್ದರೆ ಎಸಿ. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅದರ ಮೇಲೆ ಕೂತ ಆಕ್ಸೈಡ್ ಪದರ ಕರಗಬೇಕಾದರೆ 2000 ಡಿಗ್ರಿ ದಾಟಬೇಕು. ಎಸಿಯಲ್ಲಿ ಟಾರ್ಚ್ ಪಾಸಿಟಿವ್ ಆಗುವ ಅರ್ಧ ಸರದಿ ಆ ಪದರವನ್ನು ಕಿತ್ತು ಹಾಕುತ್ತದೆ. ಆದರೆ ಅದೇ ಹೊತ್ತಿನಲ್ಲಿ ಶಾಖ ತಿರುಗಿ ಟಂಗ್‌ಸ್ಟನ್ ಮೇಲೆ ಬೀಳುತ್ತದೆ. ಎಸಿ ಕೆಲಸಕ್ಕೆ ಒಂದು ಸೈಜ್ ಹೆಚ್ಚು ದಪ್ಪದ ರಾಡ್ ಬೇಕಾಗುವುದು ಇದಕ್ಕೇ.

ಇನ್ನೊಂದು ಪ್ರಶ್ನೆ: ನಿಮ್ಮ ಮಷಿನ್ ಇನ್ವರ್ಟರ್ರಾ, ಹಳೇ ಟ್ರಾನ್ಸ್‌ಫಾರ್ಮರ್ರಾ? ಇಂದು ಮಾರುಕಟ್ಟೆಯಲ್ಲಿ ಸಿಗುವ ಚಿಕ್ಕ ಮಷಿನ್‌ಗಳು ಬಹುತೇಕ ಇನ್ವರ್ಟರ್‌ಗಳೇ. ಅವುಗಳಲ್ಲೂ ಕಡಿಮೆ ಬೆಲೆಯವು ಡಿಸಿ ಮಾತ್ರ ಕೊಡುತ್ತವೆ. ಮಷಿನ್ ಮುಖದ ಮೇಲೆ ಎಸಿ/ಡಿಸಿ ಅಂತ ಇಲ್ಲದಿದ್ದರೆ ಅಲ್ಯೂಮಿನಿಯಂ ಆಸೆ ಬಿಡಿ. ಎಂಥ ಟಂಗ್‌ಸ್ಟನ್ ತಂದರೂ ಆ ಕೆಲಸ ಆಗುವುದಿಲ್ಲ.

ಹಂತ 2: ಎಷ್ಟು ಆಂಪಿಯರ್, ಎಷ್ಟು ದಪ್ಪದ ರಾಡ್?

ಒರಟು ಲೆಕ್ಕ ಹೀಗೆ: ಒಂದು ಎಂ.ಎಂ. ದಪ್ಪದ ಉಕ್ಕಿಗೆ ಸುಮಾರು 30ರಿಂದ 40 ಆಂಪಿಯರ್. ಎಸ್‌ಎಸ್‌ಗೆ ಕಡಿಮೆ ತುದಿ ಹಿಡಿಯಿರಿ, ಎಂಎಸ್‌ಗೆ ಹೆಚ್ಚಿನದು. 1.5 ಎಂ.ಎಂ. ಗೋಡೆಯ ಎಸ್‌ಎಸ್ ರೇಲಿಂಗ್ ಪೈಪಿಗೆ 45ರಿಂದ 55 ಸಾಕು. 3 ಎಂ.ಎಂ. ಪ್ಲೇಟಿಗೆ 100ರ ಆಸುಪಾಸು.

ಆಂಪಿಯರ್ ಗೊತ್ತಾದ ಮೇಲೆ ದಪ್ಪ ನೋಡಿ. ಡಿಸಿ ನೆಗೆಟಿವ್‌ನಲ್ಲಿ, ಆರ್ಗಾನ್ ಜೊತೆ, ಸಾಮಾನ್ಯವಾಗಿ ಕೊಡುವ ಮಿತಿ ಇದು:

- 1.0 ಎಂ.ಎಂ.: 15ರಿಂದ 75 ಆಂಪಿಯರ್
- 1.6 ಎಂ.ಎಂ.: 60ರಿಂದ 150
- 2.4 ಎಂ.ಎಂ.: 150ರಿಂದ 250
- 3.2 ಎಂ.ಎಂ.: 250ರಿಂದ 400

ಎಸಿಯಲ್ಲಿ ಇವೇ ರಾಡುಗಳು ಕಡಿಮೆ ತಾಳುತ್ತವೆ. 1.6ಕ್ಕೆ ಸುಮಾರು 120, 2.4ಕ್ಕೆ 180, 3.2ಕ್ಕೆ 250 ಆಂಪಿಯರ್ ಅಂತ ಮೇಲಿನ ಮಿತಿ ಇಟ್ಟುಕೊಳ್ಳಿ.

ಈ ಅಂಕಿಗಳಲ್ಲಿ ಮೇಲಿನದನ್ನು ಗಟ್ಟಿಯಾಗಿ ಹಿಡಿಯಿರಿ, ಕೆಳಗಿನದು ಸಡಿಲ. ಮಿತಿ ಮೀರಿದರೆ ತುದಿ ಕರಗಿ ಜಾಬ್ ಒಳಗೆ ಬೀಳುತ್ತದೆ. ಎಕ್ಸ್‌ರೇ ತೆಗೆಸುವ ಪೈಪ್ ಕೆಲಸವಾದರೆ ಫಿಲ್ಮಿನಲ್ಲಿ ಅದು ಬಿಳಿ ಚುಕ್ಕೆಯಾಗಿ ಕಾಣುತ್ತದೆ, ಏಕೆಂದರೆ ಟಂಗ್‌ಸ್ಟನ್ ಉಕ್ಕಿಗಿಂತ ಎರಡು ಪಟ್ಟಿಗೂ ಹೆಚ್ಚು ಸಾಂದ್ರ. ಆ ಜಾಯಿಂಟ್ ಅಗೆದು ಮತ್ತೆ ಮಾಡಬೇಕು. ಕೆಳಗಿನ ಮಿತಿಗಿಂತ ಇಳಿದರೆ ಅಂಥ ಅನಾಹುತ ಇಲ್ಲ. ಚೆನ್ನಾಗಿ ಚೂಪು ಮಾಡಿದ 1.6ರ ರಾಡ್ 30 ಆಂಪಿಯರ್‌ನಲ್ಲೂ ಸುಖವಾಗಿ ಓಡುತ್ತದೆ. 2.4 ಕೂಡ 80–90ರಲ್ಲಿ ನಡೆಯುತ್ತದೆ. ಪೈಪಿನ ರೂಟ್ (ಜಾಯಿಂಟಿನ ತಳದ ಮೊದಲ ವೆಲ್ಡ್) ಹೊಡೆಯುವವರು ದಿನಾ ಮಾಡುವುದು ಅದನ್ನೇ. ಆದರೆ 40 ಆಂಪಿಯರ್‌ಗೆ 2.4 ಹಾಕಿದರೆ ತುದಿ ಸಾಕಷ್ಟು ಕಾಯುವುದಿಲ್ಲ, ಆರ್ಕ್ ಒಂದು ಕಡೆ ನಿಲ್ಲದೆ ಅತ್ತಿತ್ತ ಜಿಗಿಯುತ್ತದೆ.

ರೇಲಿಂಗ್, ಕಿಚನ್ ಟೇಬಲ್, ಹಾಲಿನ ಡೈರಿ ಪೈಪ್ ಇಂಥ ತೆಳು ಎಸ್‌ಎಸ್ ಕೆಲಸವೇ ಜಾಸ್ತಿ ಇರುವ ಶೆಡ್ಡಿಗೆ 1.6 ಎಂ.ಎಂ. ಮುಖ್ಯ ರಾಡ್ ಆಗಬೇಕು, 2.4 ಅಲ್ಲ. 3.2 ತರುವ ಮುಂಚೆ ಟಾರ್ಚ್ ಕಡೆಯೂ ನೋಡಿ. ಗಾಳಿಯಲ್ಲೇ ತಣಿಯುವ 17ನೇ ನಂಬರ್ ಟಾರ್ಚ್ ತಾಳುವುದು 150 ಆಂಪಿಯರ್, 26ನೇ ನಂಬರ್ 200. ಟಾರ್ಚೇ ತಾಳದ ಕರೆಂಟಿಗೆ ದಪ್ಪ ರಾಡ್ ತಂದು ಮಾಡುವುದೇನು?

ಹಂತ 3: ಈಗ ಬಣ್ಣ

ಟಂಗ್‌ಸ್ಟನ್ ಕರಗುವುದು ಸುಮಾರು 3400 ಡಿಗ್ರಿಯಲ್ಲಿ. ಆದರೂ ಅದನ್ನು ಶುದ್ಧವಾಗಿ ಬಳಸುವುದು ಕಡಿಮೆ. ಆರ್ಕ್ ನಡೆಯಬೇಕಾದರೆ ಬಿಸಿ ತುದಿಯಿಂದ ಎಲೆಕ್ಟ್ರಾನ್‌ಗಳು ಹೊರಗೆ ಹಾರಬೇಕು. ಶುದ್ಧ ಟಂಗ್‌ಸ್ಟನ್ ಅವನ್ನು ಬಿಗಿಯಾಗಿ ಹಿಡಿದಿರುತ್ತದೆ. ಅದಕ್ಕೆ ಒಂದೆರಡು ಶೇಕಡಾ ಬೇರೆ ಆಕ್ಸೈಡ್ ಬೆರೆಸಿದರೆ ಆ ಹಿಡಿತ ಸಡಿಲವಾಗುತ್ತದೆ. ಆರ್ಕ್ ಬೇಗ ಹತ್ತುತ್ತದೆ, ತುದಿ ಕಡಿಮೆ ಕಾಯುತ್ತದೆ, ರಾಡ್ ಜಾಸ್ತಿ ದಿನ ಬರುತ್ತದೆ. ಯಾವ ಆಕ್ಸೈಡ್ ಬೆರೆತಿದೆ ಅಂತ ಹೇಳುವುದಷ್ಟೇ ಬಣ್ಣದ ಕೆಲಸ.

ಹಸಿರು ಶುದ್ಧ ಟಂಗ್‌ಸ್ಟನ್. ಹಳೇ ಟ್ರಾನ್ಸ್‌ಫಾರ್ಮರ್ ಮಷಿನ್‌ನಲ್ಲಿ ಅಲ್ಯೂಮಿನಿಯಂ ಮಾಡುವವರಿಗೆ ಮಾತ್ರ. ಇನ್ವರ್ಟರ್‌ಗೆ ಬೇಡವೇ ಬೇಡ. "ಅಲ್ಯೂಮಿನಿಯಂ ಅಂದರೆ ಹಸಿರು" ಅನ್ನುವ ಮಾತು ಆ ಕಾಲದಿಂದ ಉಳಿದುಕೊಂಡು ಬಂದದ್ದು.

ಕೆಂಪು ಅಂದರೆ 2 ಶೇಕಡಾ ಥೋರಿಯಂ ಆಕ್ಸೈಡ್. ಡಿಸಿಯಲ್ಲಿ, ಅದರಲ್ಲೂ ಹೆಚ್ಚು ಕರೆಂಟಿನಲ್ಲಿ, ತುದಿಯನ್ನು ಗಟ್ಟಿಯಾಗಿ ಕಾಪಾಡುತ್ತದೆ. ಹಳಬರು ಇದನ್ನು ಬಿಡದಿರುವುದಕ್ಕೆ ಕಾರಣ ಇದೆ. ಎಸಿಯಲ್ಲಿ ಮಾತ್ರ ತುದಿ ಸೀಳಿ ಸಣ್ಣ ಸಣ್ಣ ಗುಬುಟು ಎದ್ದುಬಿಡುತ್ತದೆ. ಇನ್ನೊಂದು ತಕರಾರು, ಥೋರಿಯಂ ವಿಕಿರಣ ಹೊಮ್ಮಿಸುವ ವಸ್ತು. ಕೇರಳ, ತಮಿಳುನಾಡಿನ ಕಡಲತಡಿಯ ಮೊನಜೈಟ್ ಮರಳಿನಲ್ಲಿರುವ ಅದೇ ಥೋರಿಯಂ. ರಾಡನ್ನು ಕೈಯಲ್ಲಿ ಹಿಡಿದರೆ ಭಯವಿಲ್ಲ. ಗ್ರೈಂಡ್ ಮಾಡುವಾಗ ಏಳುವ ಧೂಳು ಉಸಿರಿನ ಜೊತೆ ಒಳಗೆ ಹೋಗಿ ಕೂತರೆ ಅಪಾಯ.

ಬೂದು ಬಣ್ಣದ್ದು 2 ಶೇಕಡಾ ಸೀರಿಯಂ. ಕೆಲವು ಹಳೇ ಅಮೆರಿಕನ್ ಡಬ್ಬಿಗಳಲ್ಲಿ ಇದೇ ಕಿತ್ತಳೆ ಬಣ್ಣದಲ್ಲಿ ಬರುತ್ತಿತ್ತು. ಕಡಿಮೆ ಆಂಪಿಯರ್‌ನಲ್ಲಿ ಹತ್ತುವುದರಲ್ಲಿ ಇದು ಬಲು ಚುರುಕು. ತೆಳು ಶೀಟು, ಸಣ್ಣ ಟ್ಯೂಬು ಇದ್ದರೆ ಒಳ್ಳೆಯದು. ಕರೆಂಟು ಏರಿಸಿದಂತೆಲ್ಲ ಅದರ ಗುಣ ಇಳಿಯುತ್ತದೆ.

ಬಿಳಿ ಅಂದರೆ ಜಿರ್ಕೋನಿಯಂ. ಎಸಿಗೆ ಮಾತ್ರ. ಅಲ್ಯೂಮಿನಿಯಂ ಕೆಲಸವೇ ದಿನವಿಡೀ ನಡೆಯುವ ಕಡೆ ಇಡಬಹುದು.

ಕಪ್ಪು, ಚಿನ್ನದ ಬಣ್ಣ, ನೀಲಿ ಈ ಮೂರೂ ಲ್ಯಾಂಥನಂ ಕುಟುಂಬ: ಕ್ರಮವಾಗಿ 1, 1.5, 2 ಶೇಕಡಾ. ಡಿಸಿಗೂ ಆಗುತ್ತದೆ, ಇನ್ವರ್ಟರ್ ಎಸಿಗೂ ಆಗುತ್ತದೆ. ಕಡಿಮೆ ಆಂಪಿಯರ್‌ನಲ್ಲಿ ಚೆನ್ನಾಗಿ ಹತ್ತುತ್ತದೆ, ಹೆಚ್ಚಿನದರಲ್ಲಿ ಕೆಂಪಿಗೆ ಹತ್ತಿರ ಹತ್ತಿರ ತಾಳುತ್ತದೆ, ವಿಕಿರಣದ ತಲೆನೋವಿಲ್ಲ. ನೇರಳೆ ಬಣ್ಣದ್ದೂ ಸಿಗುತ್ತದೆ, ಎರಡು ಮೂರು ಆಕ್ಸೈಡ್‌ಗಳ ಮಿಶ್ರಣ. ಓಡುವುದು ಚೆನ್ನಾಗಿಯೇ, ಆದರೆ ಮಿಶ್ರಣ ಕಂಪನಿಗೆ ತಕ್ಕಂತೆ ಬದಲಾಗಬಹುದು.

ನನ್ನ ಮಾತು ಕೇಳುವುದಾದರೆ ನೀಲಿ ತನ್ನಿ. ಸಿಗದಿದ್ದರೆ ಚಿನ್ನದ ಬಣ್ಣ. ಎಸ್‌ಎಸ್, ಎಂಎಸ್, ಅಲ್ಯೂಮಿನಿಯಂ ಮೂರನ್ನೂ ಮಾಡುವ ಶೆಡ್ಡಿನಲ್ಲಿ ಮೂರು ಬಣ್ಣದ ರಾಡ್ ಇಟ್ಟರೆ ಸಂಜೆಯೊಳಗೆ ಅವು ಕಲೆತು ಹೋಗುತ್ತವೆ, ಅಲ್ವಾ? ಒಂದೇ ಬಣ್ಣ ಇದ್ದರೆ ಆ ಗೋಜಿಲ್ಲ. ಪೈಪ್‌ಲೈನ್ ಕೆಲಸದಲ್ಲಿ ಕ್ಲೈಂಟ್ ಕೊಟ್ಟ ಡಬ್ಲ್ಯುಪಿಎಸ್ (ವೆಲ್ಡಿಂಗ್ ಹೇಗೆ ಮಾಡಬೇಕು ಅಂತ ಬರೆದ) ಹಾಳೆಯಲ್ಲಿ ಇಂಥದ್ದೇ ರಾಡ್ ಅಂತ ಬರೆದಿದ್ದರೆ ಮಾತ್ರ ಅದನ್ನೇ ಹಾಕಿ. ಅಲ್ಲಿ ನಮ್ಮ ಇಷ್ಟ ನಡೆಯುವುದಿಲ್ಲ.

ಹಂತ 4: ಚೂಪು ಮಾಡುವುದು

ಮೊದಲು ಕಲ್ಲು. ಎಂಎಸ್ ಉಜ್ಜುವ ಬೆಂಚ್ ಗ್ರೈಂಡರ್‌ನಲ್ಲೇ ಟಂಗ್‌ಸ್ಟನ್ ಉಜ್ಜಿದರೆ ಕಲ್ಲಿನಲ್ಲಿ ಕೂತ ಕಬ್ಬಿಣ, ಅಲ್ಯೂಮಿನಿಯಂ ಚೂರು ತುದಿಗೆ ಅಂಟುತ್ತದೆ. ಆರ್ಕ್ ಹತ್ತಿದ ಕೂಡಲೇ ಅದು ಚಿಟಪಟ ಅನ್ನುತ್ತಾ ಉರಿದು ಜಾಬ್ ಮೇಲೆ ಕರಿ ಚುಕ್ಕೆ ಬೀಳಿಸುತ್ತದೆ. ಟಂಗ್‌ಸ್ಟನ್‌ಗೆಂದೇ ಒಂದು ಕಲ್ಲು ಬೇರೆ ಇಡಿ. ಡೈಮಂಡ್ ವ್ಹೀಲ್ ಆದರೆ ಎಲ್ಲಕ್ಕಿಂತ ಒಳ್ಳೆಯದು. ಇಲ್ಲದಿದ್ದರೆ ನಯವಾದ ಹಸಿರು ಕಲ್ಲು ನಡೆಯುತ್ತದೆ. ಅದರ ಮೇಲೆ "ಟಂಗ್‌ಸ್ಟನ್ ಮಾತ್ರ" ಅಂತ ಪೇಂಟಿನಲ್ಲಿ ಬರೆದುಬಿಡಿ, ಇಲ್ಲದಿದ್ದರೆ ಯಾರಾದರೂ ಬಂದು ಡ್ರಿಲ್ ಬಿಟ್ ಉಜ್ಜುತ್ತಾರೆ.

ಆಮೇಲೆ ದಿಕ್ಕು. ರಾಡನ್ನು ಕಲ್ಲಿಗೆ ಅಡ್ಡ ಹಿಡಿದು ತಿರುಗಿಸಿದರೆ ತುದಿಯ ಸುತ್ತ ಬಳೆಬಳೆಯಾಗಿ ಗೀರು ಬೀಳುತ್ತದೆ. ಆರ್ಕ್ ಆ ಗೀರುಗಳ ಅಂಚಿನಿಂದ ಹಾರುತ್ತಾ ಅಲೆಯುತ್ತದೆ. ಗೀರುಗಳು ರಾಡಿನ ಉದ್ದಕ್ಕೆ, ತುದಿಯ ಕಡೆಗೆ ಓಡಬೇಕು. ಅದಕ್ಕೆ ರಾಡನ್ನು ಕಲ್ಲು ತಿರುಗುವ ದಿಕ್ಕಿನ ಸಾಲಿನಲ್ಲೇ ಹಿಡಿದು, ಬೆರಳಲ್ಲಿ ನಿಧಾನಕ್ಕೆ ಉರುಳಿಸುತ್ತಾ ಉಜ್ಜಬೇಕು. ತುದಿ ಕಲ್ಲಿಗೆ ಎದುರಾಗಿ ಸಿಕ್ಕಿಕೊಳ್ಳದಂತೆ ನೋಡಿ, ಕಲ್ಲು ತುದಿಯಿಂದ ದೂರಕ್ಕೆ ಸರಿದು ಹೋಗುವಂತಿರಲಿ. ಕೈಯಲ್ಲಿ ಉರುಳಿಸುವುದು ಕಷ್ಟ ಅನಿಸಿದರೆ ಬ್ಯಾಟರಿ ಡ್ರಿಲ್‌ನ ಚಕ್ಕಿಗೆ ರಾಡ್ ಕಚ್ಚಿಸಿ ನಿಧಾನ ತಿರುಗಿಸಿ. ಕೋನ ಸುತ್ತಲೂ ಒಂದೇ ಸಮ ಬರುತ್ತದೆ.

ಇನ್ನು ಕೋನ. ಇಲ್ಲಿ ಬಹಳ ಜನರ ಲೆಕ್ಕ ಉಲ್ಟಾ. ಪೆನ್ಸಿಲ್ ಥರ ಉದ್ದಕ್ಕೆ ಚೂಪು ಮಾಡಿದರೆ ಆರ್ಕ್ ಆಳಕ್ಕೆ ಇಳಿಯುತ್ತದೆ ಅಂದುಕೊಳ್ಳುತ್ತಾರೆ. ನಡೆಯುವುದು ಅದಕ್ಕೆ ವಿರುದ್ಧ. ಉದ್ದ ಚೂಪಿನ ರಾಡಿನಿಂದ ಆರ್ಕ್ ಅಗಲವಾಗಿ ಹರಡುತ್ತದೆ, ಆಳ ಕಡಿಮೆ. ಮೊಂಡು ಕೋನದ ರಾಡಿನಲ್ಲಿ ಆರ್ಕ್ ಕಿರಿದಾಗಿ ಬಿಗಿಯುತ್ತದೆ, ಆಳ ಜಾಸ್ತಿ, ತುದಿಯೂ ಹೆಚ್ಚು ಹೊತ್ತು ಬಾಳುತ್ತದೆ. ಹಾಗಾದರೆ ತೆಳು ಶೀಟಿಗೆ ಉದ್ದ ಚೂಪು ಯಾಕೆ? ಕಡಿಮೆ ಆಂಪಿಯರ್‌ನಲ್ಲಿ ಬೇಗ ಹತ್ತುವುದಕ್ಕೆ, ಹತ್ತಿದ ಮೇಲೆ ಅಲುಗದೆ ನಿಲ್ಲುವುದಕ್ಕೆ.

ಡಿಗ್ರಿ ಅಳೆಯುತ್ತಾ ಕೂರಬೇಕಿಲ್ಲ, ಉದ್ದ ನೋಡಿದರೆ ಸಾಕು. ಚೂಪಿನ ಭಾಗದ ಉದ್ದ ರಾಡಿನ ದಪ್ಪದ ಎರಡು ಪಟ್ಟು ಇದ್ದರೆ ಕೋನ ಸುಮಾರು 28 ಡಿಗ್ರಿ. ಎರಡೂವರೆ ಪಟ್ಟಾದರೆ 23. ದಪ್ಪದಷ್ಟೇ ಉದ್ದ ಇದ್ದರೆ 53. ಅಂದರೆ 2.4ರ ರಾಡಿನಲ್ಲಿ 5 ಎಂ.ಎಂ. ಚೂಪು ದಿನದ ಕೆಲಸಕ್ಕೆ ಸರಿ. 1.6ರಲ್ಲಿ 3ರಿಂದ 4 ಎಂ.ಎಂ. ದಪ್ಪ ಪ್ಲೇಟಿಗೆ 150 ಆಂಪಿಯರ್ ಮೇಲೆ ಓಡಿಸುವಾಗ ಚೂಪನ್ನು ಗಿಡ್ಡ ಮಾಡಿ.

ಕೊನೆಗೆ ಒಂದು ಚಿಕ್ಕ ಕೆಲಸ, ಬಹಳ ಜನ ಬಿಟ್ಟುಬಿಡುವಂಥದ್ದು. ಸೂಜಿಯಂಥ ತುದಿ ಹತ್ತಿದ ಕೂಡಲೇ ಮುರಿದು ಜಾಬಿಗೆ ಬೀಳಬಹುದು. ಚೂಪು ಆದ ಮೇಲೆ ರಾಡನ್ನು ಕಲ್ಲಿಗೆ ನೇರ ಹಿಡಿದು ಸುಮ್ನೆ ಒಮ್ಮೆ ತಾಗಿಸಿ ತೆಗೆಯಿರಿ. ತುದಿಯಲ್ಲಿ ಕಾಲು ಎಂ.ಎಂ.ನಿಂದ ಅರ್ಧ ಎಂ.ಎಂ. ಅಗಲದ ಚಪ್ಪಟೆ ಬಂದರೆ ಸಾಕು. 30–40 ಆಂಪಿಯರ್‌ನ ತೆಳು ಕೆಲಸಕ್ಕೆ ಮಾತ್ರ ಇದು ಬೇಡ.

ಅಲ್ಯೂಮಿನಿಯಂಗೆ? ಹಳೇ ಮಷಿನ್‌ನಲ್ಲಿ ಹಸಿರು ರಾಡಿನ ತುದಿಯನ್ನು ಉಂಡೆ ಮಾಡಿ ಬಳಸುತ್ತಿದ್ದರು. ಇನ್ವರ್ಟರ್‌ನಲ್ಲಿ ನೀಲಿ ರಾಡನ್ನು ಡಿಸಿಗೆ ಮಾಡಿದ ಹಾಗೇ ಚೂಪು ಮಾಡಿ, ಚಪ್ಪಟೆ ಸ್ವಲ್ಪ ದೊಡ್ಡದಾಗಿ ತೆಗೆಯಿರಿ. ಓಡುತ್ತಾ ಓಡುತ್ತಾ ತುದಿ ತಾನೇ ಕೊಂಚ ದುಂಡಗಾಗುತ್ತದೆ. ರಾಡಿಗಿಂತ ದಪ್ಪ ಉಂಡೆ ಬೆಳೆಯುತ್ತಿದ್ದರೆ ಎಸಿ ಬ್ಯಾಲೆನ್ಸ್ (ಟಾರ್ಚ್ ನೆಗೆಟಿವ್, ಪಾಸಿಟಿವ್ ಆಗುವ ಸಮಯದ ಪಾಲು) ತಪ್ಪಾಗಿದೆ ಅಂತ ಅರ್ಥ. ಎಲೆಕ್ಟ್ರೋಡ್ ನೆಗೆಟಿವ್ ಪಾಲನ್ನು ಶೇಕಡಾ 65ರಿಂದ 75ರ ನಡುವೆ ಇಟ್ಟು ನೋಡಿ.

ಗ್ರೈಂಡ್ ಮಾಡುವಾಗ ಕನ್ನಡಕ, ಮಾಸ್ಕ್ ಹಾಕಿ. ಕೆಂಪು ರಾಡ್ ಆದರೆ ಮಾಸ್ಕ್ ಇಲ್ಲದೆ ಕಲ್ಲಿನ ಹತ್ತಿರ ಹೋಗಬೇಡಿ, ಧೂಳನ್ನು ಕಂಪ್ರೆಸರ್ ಗಾಳಿಯಿಂದ ಊದಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಿ.

ಹಂತ 5: ಟಾರ್ಚಿಗೆ ಹಾಕುವುದು

ಟಾರ್ಚ್ ಒಳಗೆ ರಾಡನ್ನು ಹಿಡಿಯುವ ಕಾಲೆಟ್ ಮತ್ತು ಅದು ಕೂರುವ ಕಾಲೆಟ್ ಬಾಡಿ ಎರಡೂ ರಾಡಿನ ಸೈಜಿನದೇ ಇರಬೇಕು. 2.4ರ ಕಾಲೆಟ್‌ನಲ್ಲಿ 1.6ರ ರಾಡ್ ಬಿಗಿ ಕೂರುವುದಿಲ್ಲ. ಸಡಿಲ ಇದ್ದ ಕಡೆ ಕಿಡಿ ಹಾರಿ ಕಾಲೆಟ್ ಸುಡುತ್ತದೆ.

ಟಾರ್ಚ್ ಬಾಯಿಗಿರುವ ಸೆರಾಮಿಕ್ ಕಪ್‌ನಿಂದ ರಾಡನ್ನು ಹೊರಗೆ ಎಷ್ಟು ಬಿಡಬೇಕು? ಕಪ್‌ನ ಬಾಯಿಯ ಅಗಲಕ್ಕಿಂತ ಜಾಸ್ತಿ ಬೇಡ. ಕಪ್ ನಂಬರನ್ನು 1.6ರಿಂದ ಗುಣಿಸಿದರೆ ಆ ಅಗಲ ಎಂ.ಎಂ.ನಲ್ಲಿ ಸಿಗುತ್ತದೆ. 6ನೇ ನಂಬರ್ ಕಪ್ ಅಂದರೆ 9.5 ಎಂ.ಎಂ. ಆಸುಪಾಸು. ನೇರ ಜಾಯಿಂಟಿಗೆ 4–5 ಎಂ.ಎಂ. ಸಾಕು. ಮೂಲೆಯ ಜಾಯಿಂಟಿಗೆ ಇನ್ನೂ ಹೊರಗೆ ಬೇಕಾದರೆ ಗ್ಯಾಸ್ ಲೆನ್ಸ್ ಹಾಕಿಸಿ. ಅದರ ಜಾಲರಿಯಿಂದ ಗ್ಯಾಸ್ ಸುಳಿಯಿಲ್ಲದೆ ನೇರ ಇಳಿಯುವುದರಿಂದ ಉದ್ದ ಬಿಟ್ಟರೂ ರಕ್ಷಣೆ ತಪ್ಪುವುದಿಲ್ಲ.

ಗ್ಯಾಸ್ ನಿಮಿಷಕ್ಕೆ 7ರಿಂದ 10 ಲೀಟರ್. ಶುದ್ಧ ಆರ್ಗಾನ್ ಮಾತ್ರ. ಮಿಗ್ ಮಷಿನ್‌ನ ಕಾರ್ಬನ್ ಡೈಆಕ್ಸೈಡ್ ಬೆರೆತ ಸಿಲಿಂಡರ್ ಪಕ್ಕದಲ್ಲೇ ಇದೆ ಅಂತ ಅದನ್ನು ಜೋಡಿಸಿದರೆ ಟಂಗ್‌ಸ್ಟನ್ ನೋಡನೋಡುತ್ತಲೇ ಉರಿದು ಹೋಗುತ್ತದೆ.

ಹಂತ 6: ತುದಿ ಏನು ಹೇಳುತ್ತಿದೆ?

ಐದು ನಿಮಿಷ ಓಡಿಸಿ, ಆರಿಸಿ, ತಣ್ಣಗಾದ ಮೇಲೆ ರಾಡ್ ಬಿಚ್ಚಿ ನೋಡಿ.

ತುದಿ ಬೆಳ್ಳಿಯ ಹಾಗೆ ಹೊಳೆಯುತ್ತಿದ್ದರೆ ಎಲ್ಲ ಸರಿ ಇದೆ. ನೀಲಿ, ನೇರಳೆ ಅಥವಾ ಕಪ್ಪು ತಿರುಗಿದ್ದರೆ ಬಿಸಿ ಇರುವಾಗಲೇ ಗಾಳಿ ತಾಗಿದೆ. ಪೋಸ್ಟ್ ಫ್ಲೋ (ಆರ್ಕ್ ಆರಿದ ಮೇಲೂ ಗ್ಯಾಸ್ ಹರಿಯುವ ಸಮಯ) ಹೆಚ್ಚಿಸಿ: ಪ್ರತಿ 10 ಆಂಪಿಯರ್‌ಗೆ ಒಂದು ಸೆಕೆಂಡ್ ಲೆಕ್ಕ. 100 ಆಂಪಿಯರ್‌ನಲ್ಲಿ ಓಡಿಸಿದ್ದರೆ ಆರಿದ ಮೇಲೆ 10 ಸೆಕೆಂಡ್ ಟಾರ್ಚನ್ನು ಅಲ್ಲಾಡಿಸದೆ ಅಲ್ಲೇ ಹಿಡಿಯಿರಿ. ಗ್ಯಾಸ್ ಉಳಿಸೋಣ ಅಂತ ಇದನ್ನು ಎರಡು ಸೆಕೆಂಡಿಗೆ ಇಳಿಸುವವರು ಆ ದುಡ್ಡನ್ನು ರಾಡಿಗೆ ಸುರಿಯುತ್ತಾರೆ. ಕಪ್ ಒಳಗೆ ಹಳದಿ ಪುಡಿ ಕಂಡರೆ ಗ್ಯಾಸ್ ತುಂಬಾ ಕಡಿಮೆ, ಇಲ್ಲವೇ ಎಲ್ಲೋ ಸೋರುತ್ತಿದೆ. ಬ್ಯಾಕ್ ಕ್ಯಾಪ್‌ನ (ಟಾರ್ಚ್ ಹಿಂದಿನ ಮುಚ್ಚಳ) ಓ ರಿಂಗ್ ಮೊದಲು ನೋಡಿ.

ಡಿಸಿಯಲ್ಲಿ ಹತ್ತಿಸಿದ ಎರಡು ಕ್ಷಣಕ್ಕೇ ತುದಿ ಉಂಡೆಯಾಯಿತೇ? ಬಹುತೇಕ ಟಾರ್ಚ್ ಪಾಸಿಟಿವ್‌ನಲ್ಲಿದೆ. ಆರ್ಕ್ ವೆಲ್ಡಿಂಗ್ (ಲೇಪದ ರಾಡ್ ಉರಿಸುವ ಮಾಮೂಲಿ ವೆಲ್ಡಿಂಗ್) ಮತ್ತು ಟಿಗ್ ಎರಡೂ ಮಾಡುವ ಮಷಿನ್‌ಗಳಲ್ಲಿ ಇದು ಮಾಮೂಲು. 7018 ಅನ್ನುವ ಆರ್ಕ್ ವೆಲ್ಡಿಂಗ್ ರಾಡಿಗೆ ಹೋಲ್ಡರ್ ಪಾಸಿಟಿವ್‌ಗೆ ಹಾಕಿರುತ್ತಾರೆ. ಆ ಕೆಲಸ ಮುಗಿದ ಮೇಲೆ ಹೋಲ್ಡರ್ ಕಿತ್ತು ಅದೇ ತೂತಿಗೆ ಟಾರ್ಚ್ ಚುಚ್ಚುತ್ತಾರೆ. ಕೇಬಲ್ ಅದಲು ಬದಲು ಮಾಡಿದರೆ ಮುಗಿಯಿತು.

ತುದಿ ಕರಗಿದ ಲೋಹಕ್ಕೆ ಅದ್ದಿತು, ಅಥವಾ ಫಿಲ್ಲರ್ (ಜಾಯಿಂಟಿಗೆ ತುಂಬುವ ತಂತಿ) ತಾಗಿತು ಅಂದುಕೊಳ್ಳಿ. ಅಲ್ಲೇ ನಿಲ್ಲಿಸಿ. ಅಂಟಿದ ಭಾಗ ಪೂರ್ತಿ ಹೋಗುವವರೆಗೆ ಗ್ರೈಂಡ್ ಮಾಡಬೇಕು. ಜಾಸ್ತಿ ಅಂಟಿದ್ದರೆ ಡೈಮಂಡ್ ವ್ಹೀಲ್ ಅಂಚಿನಲ್ಲಿ ಒಂದು ಗೀಟು ಹಾಕಿ, ಎರಡು ಕಟಿಂಗ್ ಪ್ಲೇಯರ್‌ನಲ್ಲಿ ಹಿಡಿದು ಮುರಿಯಿರಿ. ಸುತ್ತಿಗೆ ಹೊಡೆದರೆ ರಾಡ್ ಉದ್ದಕ್ಕೂ ಸೀಳುತ್ತದೆ. ಆ ಸೀಳು ಕಣ್ಣಿಗೆ ಕಾಣದೆ ಒಳಗೇ ಉಳಿದು ನಾಳೆ ಕೈಕೊಡುತ್ತದೆ.

ಕೊಳ್ಳುವಾಗ

ರಾಡ್‌ಗಳು ಸಾಮಾನ್ಯವಾಗಿ 150 ಅಥವಾ 175 ಎಂ.ಎಂ. ಉದ್ದ, ಡಬ್ಬಿಗೆ 10. ಡಬ್ಬಿಯ ಮೇಲೆ ಡಬ್ಲ್ಯುಎಲ್ 20 ಅಂತಿದ್ದರೆ 2 ಶೇಕಡಾ ಲ್ಯಾಂಥನಂ, ಡಬ್ಲ್ಯುಟಿ 20 ಆದರೆ ಥೋರಿಯಂ, ಡಬ್ಲ್ಯುಸಿ 20 ಆದರೆ ಸೀರಿಯಂ. ಬಣ್ಣಕ್ಕಿಂತ ಈ ಬರಹವನ್ನು ನಂಬಿ. ಒಂದು ರಾಡ್ ತೆಗೆದು ಗಾಜಿನ ಮೇಲೆ ಉರುಳಿಸಿ ನೋಡಿ, ಬಾಗಿದ್ದರೆ ತಕ್ಷಣ ಗೊತ್ತಾಗುತ್ತದೆ. ಮೈ ಮೇಲೆ ಉದ್ದುದ್ದ ಗೆರೆಗಳಿದ್ದರೆ ಬೇಡ ಅನ್ನಿ.

ಬಣ್ಣ ಇರುವ ತುದಿಯನ್ನು ಚೂಪು ಮಾಡಬೇಡಿ. ಎರಡೂ ತುದಿ ಬೇಕೇ ಬೇಕು ಅಂದರೆ ಡಬ್ಬಿಯ ಹೆಸರು ಬರೆದ ಟ್ಯೂಬಿನಲ್ಲಿ ಬೇರೆ ಇಡಿ. ಬಣ್ಣ ಹೋದ ರಾಡ್ ಯಾವುದೆಂದು ಹೇಳುವವರು ಯಾರೂ ಇರುವುದಿಲ್ಲ.

ಹೊಸದಾಗಿ ಶುರು ಮಾಡುವವರು ನೀಲಿಯಲ್ಲಿ 1.6ರ ಒಂದು ಡಬ್ಬಿ, 2.4ರ ಒಂದು ಡಬ್ಬಿ, ಎರಡೂ ಸೈಜಿಗೆ ಎರಡೆರಡು ಕಾಲೆಟ್, ಒಂದೊಂದು ಕಾಲೆಟ್ ಬಾಡಿ, 5, 6, 7ನೇ ನಂಬರಿನ ಕಪ್‌ಗಳನ್ನು ತನ್ನಿ. ದುಡ್ಡು ಮಿಕ್ಕಿದರೆ ಡೈಮಂಡ್ ವ್ಹೀಲ್ ತನ್ನಿ, ಮೂರನೇ ಬಣ್ಣದ ರಾಡ್ ಬೇಡ.